ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕ ತಾಮ್ರದ ಕಡ್ಡಿಗಳು: ಮೆಜೆಸ್ಟಿಕ್ ಕಡೆ ಥಿಯೇಟರ್‌ಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಶ್ರೀರಾಂಪುರ ಹುಡುಗಿ:
ನಮ್ಮ ದೊಡ್ಡಪ್ಪ 1970ರ ದಶಕದಲ್ಲಿ ಕೆಂಪೇಗೌಡ ರಸ್ತೆಯ ಒಂದು ಥಿಯೇಟರಿನಲ್ಲಿ ಆಪರೇಟರ್ ಆಗಿದ್ದರು. ಈಗ ಅವರಿಲ್ಲ. ಟ್ರಂಕು ಖಾಲಿ ಮಾಡುವಾಗ ತಾಮ್ರದ ಲೇಪ ಇರುವ ಕಪ್ಪು ಕಡ್ಡಿಗಳು ಸಿಕ್ಕಿವೆ. ಎರಡು ಅಳತೆಯವು. ಜೊತೆಗೆ ಒಂದು ಕಪ್ಪು ಗಾಜಿನ ತುಂಡು. ಏನಿವು? ಕ್ಯಾಬಿನ್ ಒಳಗೆ ದೊಡ್ಡಪ್ಪ ದಿನಾ ಏನು ಮಾಡುತ್ತಿದ್ದರು? ದೊಡ್ಡಮ್ಮನನ್ನು ಕೇಳಿದರೆ “ಸಿನಿಮಾ ಬಿಡ್ತಿದ್ರು” ಅಂತಾರೆ, ಅಷ್ಟೇ.

ಹಳೇ ಆಪರೇಟರ್:
ಅದು ಕಾರ್ಬನ್ ಕಣಮ್ಮಾ. ದಪ್ಪದ್ದು ಪಾಸಿಟಿವ್, ಸಣ್ಣದು ನೆಗೆಟಿವ್. ಎರಡರ ತುದಿ ತಾಗಿಸಿ ಸ್ವಲ್ಪ ಹಿಂದಕ್ಕೆ ಎಳೆದರೆ ನಡುವೆ ಬೆಳಕು ಹತ್ತಿಕೊಳ್ಳುತ್ತದೆ, ವೆಲ್ಡಿಂಗ್ ಅಂಗಡಿಯಲ್ಲಿ ನೋಡಿರುತ್ತೀಯಲ್ಲ, ಹಾಗೆ. ಹಿಂದಿರುವ ಕನ್ನಡಿ ಆ ಬೆಳಕನ್ನು ಫಿಲ್ಮಿನ ಮೇಲೆ ಬಿಡುತ್ತದೆ. ಬರಿಗಣ್ಣಲ್ಲಿ ನೋಡಿದರೆ ಕಣ್ಣು ಹಾಳು. ಅದಕ್ಕೇ ಆ ಕಪ್ಪು ಗಾಜು.

ಕಡ್ಡಿ ಉರಿದು ಸವೆಯುತ್ತಲೇ ಇರುತ್ತದೆ. ಆಗಾಗ ತಿರುಪು ತಿರುಗಿಸಿ ಎರಡನ್ನೂ ಹತ್ತಿರ ತರಬೇಕು. ಒಂದು ಗಳಿಗೆ ಮೈಮರೆತರೆ ಪರದೆ ಮಂಕು. ಗಾಂಧಿ ಕ್ಲಾಸಿನಿಂದ ಶಿಳ್ಳೆ ಶುರು, ಜೊತೆಗೆ ನಮ್ಮ ಮನೆಯವರಿಗೆಲ್ಲ ಬೈಗುಳ. ಗಿಡ್ಡ ತುಂಡನ್ನೂ ಎಸೆಯುವಂತಿರಲಿಲ್ಲ. ಹೋಲ್ಡರಿಗೆ ಸಿಕ್ಕಿಸಿ ಕೊನೆವರೆಗೂ ಉರಿಸಬೇಕಿತ್ತು.

ಮೆಷಿನ್ ಎರಡು ಇರುತ್ತಿದ್ದವು. 1000 ಅಡಿ ಫಿಲ್ಮ್ ಓಡುವುದು 11 ನಿಮಿಷ. ಎರಡು ಸೇರಿಸಿ ಸುತ್ತಿಕೊಂಡರೂ 22. ಅಷ್ಟರೊಳಗೆ ಪಕ್ಕದ ಮೆಷಿನ್‌ಗೆ ಮುಂದಿನ ರೀಲ್ ಹಾಕಿ, ಕಾರ್ಬನ್ ಹತ್ತಿಸಿಕೊಂಡು ನಿಲ್ಲಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ, ಪಕ್ಕದ ಮೆಷಿನ್ ಮೋಟಾರ್ ಆನ್. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ. ಆಗ ಈ ಮೆಷಿನ್ ಬೆಳಕು ಮುಚ್ಚಿ ಆ ಮೆಷಿನ್ ಬೆಳಕು ತೆರೆಯಬೇಕು. ಕೆಳಗೆ ಕೂತವರಿಗೆ ಗೊತ್ತೇ ಆಗಬಾರದು. ನಾನು ತೋರಿಸಿದ ಎಷ್ಟೋ ಸಿನಿಮಾಗಳ ಕಥೆ ಮರೆತಿದ್ದೇನೆ, ಚುಕ್ಕಿ ಯಾವ ಸೀನಿಗೆ ಬರುತ್ತಿತ್ತು ಅಂದರೆ ಹೇಳುತ್ತೇನೆ!

ಸೆಕೆ ಮಾತ್ರ ಕೇಳಬೇಡ. ಹೊಗೆ ಹೋಗಲು ಮೇಲೆ ಕೊಳವೆ ಇರುತ್ತಿತ್ತು, ಸರಿಯಾಗಿ ಎಳೆಯುತ್ತಿರಲಿಲ್ಲ. ನಾನಿದ್ದ ಕಡೆ ಓನರ್ ಬಾಲ್ಕನಿಗೆ ಹೊಸ ಸೀಟು ಹಾಕಿಸಿದರು. ಕ್ಯಾಬಿನ್‌ಗೆ ಒಂದು ಫ್ಯಾನ್ ಕೇಳಿದ್ದಕ್ಕೆ “ಹಬ್ಬ ಬರಲಿ” ಅಂದರು. ಯಾವ ಹಬ್ಬ ಅಂತ ಹೇಳಲಿಲ್ಲ. ಆಮೇಲೆ ಕ್ಸೆನಾನ್ ದೀಪ ಬಂತು, ಕಾರ್ಬನ್ ಹೋಯಿತು. ಡಿಜಿಟಲ್ ಬಂದ ಮೇಲೆ ರೀಲೂ ಹೋಯಿತು, ರೀಲ್ ಸುತ್ತುವ ಹುಡುಗರೂ ಹೋದರು.

ಸೆಕೆಂಡ್ ಶೋ ಗಿರಾಕಿ:
ಯಾವ ಥಿಯೇಟರ್ ಅಂತ ಹೇಳಲೇ ಇಲ್ಲವಲ್ಲ? ಆ ರಸ್ತೆಯಲ್ಲಿ, ಅಕ್ಕಪಕ್ಕದಲ್ಲಿ ಎಷ್ಟೊಂದಿದ್ದವು. ಸಾಗರ್, ಅಲಂಕಾರ್, ಹಿಮಾಲಯ, ಮೇನಕಾ, ತ್ರಿಭುವನ್, ನರ್ತಕಿ. 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ ಕಪಾಲಿಯನ್ನು 2017ರಲ್ಲಿ ಕೆಡವಿದರು. ಮೆಜೆಸ್ಟಿಕ್ ಥಿಯೇಟರ್ ಅಂತೂ ಹೋಗಿ ಎಷ್ಟೋ ಕಾಲವಾಯಿತು, ಕಂಡಕ್ಟರ್ ಇನ್ನೂ ಅದರ ಹೆಸರೇ ಕೂಗುತ್ತಾನೆ. ನಮಗೆ ಆಪರೇಟರ್ ಮುಖ ಯಾವತ್ತೂ ಕಂಡಿದ್ದಿಲ್ಲ. ಗೊತ್ತಿದ್ದವನು ಟಾರ್ಚ್ ಹಿಡಿದ ಗೇಟ್ ಕೀಪರ್ ಒಬ್ಬನೇ. ಮತ್ತೆ ಬ್ಲಾಕ್ ಟಿಕೆಟ್‌ನವನು, ಅವನು ಸ್ಟಾಫ್ ಅಲ್ಲ ಬಿಡಿ.

ಶ್ರೀರಾಂಪುರ ಹುಡುಗಿ:
ತುಂಬಾ ಥ್ಯಾಂಕ್ಸ್ ಅಂಕಲ್. ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರ ಶರ್ಟುಗಳೆಲ್ಲ ಯಾಕೆ ಹೊಗೆ ವಾಸನೆ ಬರುತ್ತಿದ್ದವು ಅಂತ ಈಗ ಗೊತ್ತಾಯಿತಂತೆ, ಬೀಡಿ ಸೇದುತ್ತಾರೆ ಅಂತ ಜಗಳ ಆಡುತ್ತಿದ್ದರಂತೆ! ಥಿಯೇಟರ್ ಹೆಸರು ಕೇಳಿದರೆ ಒಂದು ದಿನ ಅಲಂಕಾರ್ ಅಂತಾರೆ, ಇನ್ನೊಂದು ದಿನ ಹಿಮಾಲಯ ಅಂತಾರೆ. ತಿಳಿದುಕೊಳ್ಳೋಕೆ ದಾರಿ ಇದೆಯಾ?

ಹಳೇ ಆಪರೇಟರ್:
ಬೀಡಿನೂ ಸೇದಿರಬಹುದು, ಹೊರಗೆ ಬಂದು. ಕ್ಯಾಬಿನ್ ಒಳಗೆ ಸೇದುವಂತಿರಲಿಲ್ಲ.

ಟ್ರಂಕಿನಲ್ಲಿ ಅವರ ಲೈಸೆನ್ಸ್ ಇದೆಯಾ ಹುಡುಕಮ್ಮಾ. ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಪರೀಕ್ಷೆ ಪಾಸು ಮಾಡಿ ಆಪರೇಟರ್ ಲೈಸೆನ್ಸ್ ತೆಗೆದುಕೊಳ್ಳಬೇಕಿತ್ತು, ಸುಮ್ನೆ ಮೆಷಿನ್ ಮುಟ್ಟೋಕೆ ಬಿಡುತ್ತಿರಲಿಲ್ಲ. ಸಂಬಳದ ಚೀಟಿ, ಬೋನಸ್ ಕಾಗದ ಏನಾದರೂ ಇದ್ದರೆ ಅದರಲ್ಲಿ ಥಿಯೇಟರ್ ಹೆಸರು ಇದ್ದೇ ಇರುತ್ತದೆ. ದೊಡ್ಡಪ್ಪನ ಹೆಸರನ್ನು ಇಲ್ಲಿ ಎಲ್ಲರ ಮುಂದೆ ಬೇಡ, ನನಗೆ ಮೆಸೇಜ್ ಮಾಡು. ಗಾಂಧಿನಗರದಲ್ಲಿ ನಮ್ಮ ಕಾಲದವರು ಒಂದಿಬ್ಬರು ಸಿಗುತ್ತಾರೆ, ವಿಚಾರಿಸುತ್ತೇನೆ. ಆ ಕಡ್ಡಿಗೆ ಕರೆಂಟ್ ಕೊಟ್ಟು ನೋಡೋಣ ಅಂತ ಮನೆಯ ಹುಡುಗರು ಹೊರಟಾರು, ಸ್ವಲ್ಪ ಎತ್ತರದಲ್ಲಿ ಇಡು.