ಕಾಮೆಟ್ ಸೈಕ್ಲೋನ್ ಟೈಲ್‌ಲೈಟ್ ಬೆಜಲ್: ಎರಕ ಚಿಕ್ಕದಾಗಿ ಬರ್ತಿದೆ, ಕ್ರೋಮ್ ಮೇಲೆ ಸೂಜಿತೂತು

ಹಳೆಮರ್ಕ್ಯುರಿ66:
ಗಾಡಿ 1966ರ ಮರ್ಕ್ಯುರಿ ಕಾಮೆಟ್ ಸೈಕ್ಲೋನ್ ಜಿಟಿ. ಅದೇ ವರ್ಷದ ಮಸ್ಟಾಂಗ್‌ಗೆ ಹೊಸದಾಗಿ ಮಾಡಿದ ಬಿಡಿಭಾಗ ಧಾರಾಳ ಸಿಗುತ್ತೆ, ಕಾಮೆಟ್‌ಗೆ ಹುಡುಕೋದೇ ಕಷ್ಟ. ಟೈಲ್‌ಲೈಟ್ ಸುತ್ತ ಕೂರೋ ಝಿಂಕ್ ಚೌಕಟ್ಟು, ಅಂದರೆ ಬೆಜಲ್, ತುಂಬ ಗುಂಡಿ ಬಿದ್ದಿದೆ. ಗುಂಡಿಗೆ ಪುಟ್ಟಿ ತುಂಬಿ, ಅದನ್ನೇ ಪ್ಯಾಟರ್ನ್ (ಮರಳಲ್ಲಿ ಅಚ್ಚು ಮೂಡಿಸೋ ಮಾದರಿ) ಮಾಡಿ ಎಣ್ಣೆ ಮರಳಲ್ಲಿ ಒತ್ತಿ, ಎ356 (ಎರಕಕ್ಕೆ ಬಳಸೋ ಮಿಶ್ರಲೋಹ) ಅಲ್ಯೂಮಿನಿಯಂ ಹೊಯ್ದೆ. ಗಾಡಿಗೆ ಬಿಗಿಯೋ ಸ್ಟಡ್‌ಗಳ (ಹಿಂಬದಿಯ ತಿರುಪು ಕಡ್ಡಿಗಳ) ನಡುವಿನ 200 ಮಿ.ಮೀ. ಅಂತರ ಎರಡು ಮಿ.ಮೀ. ಕಮ್ಮಿ ಬಂತು. ತೆಳು ಅಂಚು ತುಂಬಲಿಲ್ಲ ಅಂತ ಶಾಖ 790 ಡಿಗ್ರಿಗೆ ಏರಿಸಿದೆ. ತುಂಬಿತು, ಆದರೆ ಕ್ರೋಮ್ ಆದಮೇಲೆ ಸೂಜಿತೂತು, ಅಲ್ಲಲ್ಲಿ ಗುಳ್ಳೆ.

ಎರಕದಮರಳು:
ಸರ್, ಅಳತೆ ಕಮ್ಮಿ, ತುಂಬದ ಅಂಚು, ಸೂಜಿತೂತು, ಮೂರಕ್ಕೂ ಮೂಲ ಒಂದೇ. ಡೈ ಕಾಸ್ಟಿಂಗ್ (ಲೋಹದ ಅಚ್ಚಿಗೆ ಒತ್ತಡದಲ್ಲಿ ತುಂಬಿ ಮಾಡಿದ) ಭಾಗವನ್ನು ಹಾಗೇ ಮರಳಿಗೆ ಒತ್ತಬಾರದು. ಅಲ್ಯೂಮಿನಿಯಂ ಗಟ್ಟಿಯಾಗಿ ತಣಿಯುವಾಗ ಸುಮಾರು 1.3% ಕುಗ್ಗುತ್ತೆ, ಅಂದರೆ 200ಕ್ಕೆ 2.6 ಮಿ.ಮೀ. ಹಳೇ ಬೆಜಲ್ ಸ್ಕ್ಯಾನ್ ಮಾಡಿ, ಗುಂಡಿಗಳನ್ನು ಕಂಪ್ಯೂಟರಲ್ಲೇ ಮುಚ್ಚಿ, 101.3%ಗೆ ಹಿಗ್ಗಿಸಿ 3ಡಿ ಪ್ರಿಂಟ್ ತೆಗೆಯಿರಿ. ಮರಳಿನಿಂದ ಸಲೀಸಾಗಿ ಏಳೋಕೆ ಗೋಡೆಗೆ 2 ಡಿಗ್ರಿ ಇಳಿಜಾರು ಕೊಡಿ. ಪ್ರಿಂಟಿನ ಪದರಗಳ ಗೆರೆ ಪ್ರೈಮರ್ ಹೊಡೆದು ಉಜ್ಜದಿದ್ದರೆ ಎರಕದ ಮೇಲೂ ಬರುತ್ತವೆ.

ಒತ್ತಡದಲ್ಲಿ ನುಗ್ಗುವ ಝಿಂಕ್ ಒಂದೂವರೆ-ಎರಡು ಮಿ.ಮೀ. ಗೋಡೆಯನ್ನೂ ತುಂಬುತ್ತೆ. ಮರಳಲ್ಲಿ ತನ್ನ ತೂಕಕ್ಕೇ ಹರಿಯೋ ಅಲ್ಯೂಮಿನಿಯಂಗೆ 3 ಮಿ.ಮೀ. ಆದರೂ ಬೇಕು. ದಪ್ಪವನ್ನು ಕಣ್ಣಿಗೆ ಬೀಳದ ಹಿಂಬದಿಗೆ ಸೇರಿಸಿ. ಲೆನ್ಸ್ ಮತ್ತು ಗ್ಯಾಸ್ಕೆಟ್ ಕೂರುವ ಜಾಗಕ್ಕೆ ಮಾತ್ರ ಸೇರಿಸಬೇಡಿ, ಸೇರಿಸಿದರೆ ಲೆನ್ಸ್ ಕೂರಲ್ಲ.

ಹಾಗೆ ಮಾಡಿದರೆ 790 ಡಿಗ್ರಿ ಬೇಕಾಗೋದೇ ಇಲ್ಲ. ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರುತ್ತೆ, ಶಾಖ ಏರಿದಷ್ಟೂ ಜಾಸ್ತಿ. ಗಟ್ಟಿಯಾಗುವಾಗ ಆ ಅನಿಲಕ್ಕೆ ಲೋಹದೊಳಗೆ ಜಾಗ ಇರಲ್ಲ, ಸಣ್ಣ ತೂತಾಗಿ ಉಳಿಯುತ್ತೆ. ಪಾಲಿಶ್ ಮಾಡಿದಾಗ ಅವೇ ಬಾಯಿ ತೆರೆಯೋದು. 700–720ರಲ್ಲಿ ಹೊಯ್ಯಿರಿ. ಮೂಸೆ, ಸೌಟು, ಲೋಹದ ಗಟ್ಟಿ ಎಲ್ಲವನ್ನೂ ಮೊದಲು ಚೆನ್ನಾಗಿ ಕಾಯಿಸಿ ಒಣಗಿಸಿ. ಕರಗಿದ ಲೋಹಕ್ಕೆ ತೇವದ ಸೌಟು ಅದ್ದಿದರೆ ಲೋಹ ಸಿಡಿಯುತ್ತೆ, ಇದರಲ್ಲಿ ಉದಾಸೀನ ಬೇಡವೇ ಬೇಡ.

ನಿಕ್ಕಲ್‌ಕೆಲಸ:
ಸೂಜಿತೂತು ಎರಕದ ದೋಷ, ಒಪ್ತೀನಿ. ಗುಳ್ಳೆ ಬೇರೆ. ಅಲ್ಯೂಮಿನಿಯಂ ಮೇಲೆ ಕ್ಷಣದಲ್ಲೇ ಆಕ್ಸೈಡ್ ಪೊರೆ ಕಟ್ಟುತ್ತೆ, ಅದರ ಮೇಲೆ ಲೇಪ ಹಿಡಿಯಲ್ಲ. ಅದಕ್ಕೇ ಝಿಂಕೇಟ್ ದ್ರಾವಣದಲ್ಲಿ (ಪೊರೆ ತೆಗೆದು ತೆಳು ಝಿಂಕ್ ಪದರ ಕೂರಿಸೋದು) ಎರಡು ಸಲ ಅದ್ದಬೇಕು. ಎ356ರಲ್ಲಿ 7% ಸಿಲಿಕಾನ್ ಇರೋದರಿಂದ ಕಾಸ್ಟಿಕ್‌ನಲ್ಲಿ ಅದ್ದಿದ ಮೇಲೆ ಕಪ್ಪು ಮಸಿ ಉಳಿಯುತ್ತೆ, ಬರೀ ನೈಟ್ರಿಕ್ ಆಮ್ಲಕ್ಕೆ ಅದು ಹೋಗಲ್ಲ, ಫ್ಲೋರೈಡ್ ಬೇಕು. ಅದು ಮನೇಲಿ ಮಾಡೋ ಕೆಲಸವೇ ಅಲ್ಲ. ಪ್ಲೇಟಿಂಗ್‌ನವರಿಗೆ ಕೊಡುವಾಗ "ಎರಕದ ಎ356" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಝಿಂಕ್ ಅಂದುಕೊಂಡು ಆ ಕ್ರಮದಲ್ಲೇ ಅದ್ದಿಬಿಡ್ತಾರೆ. ಮೊದಲು ಒಂದು ತುಂಡಿಗೆ ಲೇಪ ಹಾಕಿಸಿ, ಸುಮಾರು 200 ಡಿಗ್ರಿಗೆ ಕಾಯಿಸಿ ತಣ್ಣೀರಿಗೆ ಹಾಕಿ ನೋಡಿ. ಹಿಡಿತ ಸರಿಯಿಲ್ಲದಿದ್ದರೆ ಅಲ್ಲೇ ಉಬ್ಬುತ್ತೆ.

ಹಳೆಮರ್ಕ್ಯುರಿ66:
101.3% ಪ್ರಿಂಟ್‌ನಿಂದ ಹೊಯ್ದೆ. ಮೈಯೆಲ್ಲ ತುಂಬಿದೆ, ತೂತಿಲ್ಲ. ಸ್ಟಡ್ ಅಂತರ ಈಗ 200.6, ಸ್ವಲ್ಪ ದೊಡ್ಡದಾಯ್ತಲ್ಲ?

ಎರಕದಮರಳು:
ಬೆಜಲ್ ಅಂದರೆ ಚೌಕಟ್ಟು. ಒಳಗೆ ಸಿಕ್ಕಿಕೊಂಡ ಮರಳು ಕುಗ್ಗೋಕೆ ಬಿಡಲ್ಲ, ಅದಕ್ಕೇ 1.3ರ ಬದಲು ಸುಮಾರು 1% ಮಾತ್ರ ಕುಗ್ಗಿದೆ. ಉದ್ದಕ್ಕೆ 101% ಇಡಿ. ಅಗಲಕ್ಕೂ ಅದೇ ಸಂಖ್ಯೆ ಅಂದುಕೊಳ್ಳದೆ ಬೇರೆಯಾಗಿ ಅಳೆಯಿರಿ. ಮರಳನ್ನು ಪ್ರತಿ ಸಲ ಒಂದೇ ಬಿಗಿಯಲ್ಲಿ ಕುಟ್ಟದಿದ್ದರೆ ಈ ಲೆಕ್ಕವೂ ತಪ್ಪುತ್ತೆ.

ಸ್ಟಡ್‌ಗಳನ್ನು ಎರಕದಲ್ಲೇ ತರೋ ಆಸೆ ಬಿಡಿ, ಅಲ್ಯೂಮಿನಿಯಂ ಸ್ಟಡ್ ಮುರಿದರೆ ಬೆಜಲ್ಲೇ ಹೋಯ್ತು. ಹಿಂದೆ ದಪ್ಪ ಗುಬುಟು ಬಿಟ್ಟು, ಗಾಡಿಯ ತೂತಿಗೆ ಹೊಂದುವ ರಟ್ಟಿನ ಅಚ್ಚು ಇಟ್ಟು ಗುರುತು ಮಾಡಿ, 3.8 ಮಿ.ಮೀ. ಕೊರೆದು 10-24 ಟ್ಯಾಪ್ ಹಾಕಿ (ಆ ಅಳತೆಯ ತಿರುಪಿನ ಸುತ್ತು ಕೊರೆಯಿರಿ). ಇದನ್ನು ಪ್ಲೇಟಿಂಗ್‌ಗೆ ಮುಂಚೆಯೇ ಮುಗಿಸಿ, ತೂತಿಗೆ ರಬ್ಬರ್ ಬಿರಡೆ ಹಾಕಿ ಕಳಿಸಿ. ಆಮೇಲೆ ಸ್ಟೇನ್‌ಲೆಸ್ ಸ್ಟಡ್ ತಿರುಗಿಸುವಾಗ ಆಂಟಿ-ಸೀಜ್ (ತಿರುಪು ಹಿಡಿದುಕೊಳ್ಳದಂತೆ ತಡೆಯೋ ಪೇಸ್ಟ್) ಹಚ್ಚಿ, ಇಲ್ಲದಿದ್ದರೆ ಉಪ್ಪುನೀರು ತಾಗಿ ಎರಡೂ ಹಿಡಿದುಕೊಳ್ಳುತ್ತವೆ.