ಒಂಬತ್ತನೇ ಕ್ಲಾಸಿಗೆ ಜನಾಂಗಹತ್ಯೆಯ ಪಾಠ, ಮೂರು ಪೀರಿಯಡ್‌ನಲ್ಲಿ ಹೇಗೆ?

ಪ್ರಶ್ನೆ (ಮಡಿಕೇರಿ)
ಹಿಟ್ಲರನ ನಾಜಿಗಳು ಮಾಡಿದ ಯಹೂದಿಗಳ ಜನಾಂಗಹತ್ಯೆ ಪಾಠ ಮಾಡಬೇಕು. 40 ನಿಮಿಷದ ಮೂರೇ ಪೀರಿಯಡ್ ಇದೆ. ಎಲ್ಲಿಂದ ಶುರು ಮಾಡೋದು? ಶಿಬಿರದ ಫೋಟೋ ತೋರಿಸಬಹುದಾ? ಟಿಪ್ಪು ಕಾಲದ ಕೊಡಗಿನ ವಿಷಯವನ್ನು ಮಕ್ಕಳು ಎತ್ತೇ ಎತ್ತುತ್ತಾರೆ, ಆಗ?

ಉತ್ತರ 1 (ವಿರಾಜಪೇಟೆ)
ಮೇಡಂ, ಹೆಣದ ರಾಶಿಯ ಫೋಟೋ ಬೇಡವೇ ಬೇಡ. ಮಕ್ಕಳು ಕಣ್ಣು ಮುಚ್ಚುತ್ತಾರೆ, ಇಲ್ಲ ನಗುತ್ತಾರೆ. ಎರಡೂ ಹೆದರಿಕೆಯಿಂದಲೇ. ಸತ್ತವರ ಮರ್ಯಾದೆಯೂ ಉಳಿಯಲ್ಲ.

ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಚೀಟಿ ನೇತುಹಾಕಿ: 1933 ಏಪ್ರಿಲ್, ಯಹೂದಿ ಅಂಗಡಿಗಳಿಗೆ ಬಹಿಷ್ಕಾರ. 1935, ಪೌರತ್ವ ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನು. 1938 ನವೆಂಬರ್, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ. 1941, ಯಹೂದಿ ಅಂತ ಗುರುತಿಸಲು ಎದೆಗೆ ಹಳದಿ ನಕ್ಷತ್ರ. 1942, ಕೊಲೆ ಶಿಬಿರಗಳಿಗೆ ರೈಲು. ಪ್ರತಿ ಚೀಟಿಗೂ ಒಂದೇ ಪ್ರಶ್ನೆ: ಆವತ್ತು ಪಕ್ಕದ ಮನೆಯವರು ಏನು ಮಾಡಬಹುದಿತ್ತು? ಮೊದಲ ಚೀಟಿಗೆ ಹತ್ತು ಕೈ ಏಳುತ್ತವೆ, ಕೊನೆಯದಕ್ಕೆ ಒಂದೂ ಏಳಲ್ಲ. ಆಮೇಲೆ 1943ರ ಚೀಟಿ ಸೇರಿಸಿ: ಡೆನ್ಮಾರ್ಕಿನವರು ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಯಲ್ಲಿ ಸ್ವೀಡನ್ನಿಗೆ ದಾಟಿಸಿದರು. ‘ಎಲ್ಲಾ ಹಿಟ್ಲರ್ ಒಬ್ಬನೇ ಮಾಡಿದ’ ಅನ್ನೋ ಮಾತು ಇಲ್ಲಿಗೆ ನಿಲ್ಲುತ್ತದೆ.

ಮಕ್ಕಳ ಅಂಗಿಗೆ ನಕ್ಷತ್ರ ಅಂಟಿಸಿ ನಾಟಕ ಮಾತ್ರ ಆಡಿಸಬೇಡಿ. ಅದು ಆಟವಾಗುತ್ತದೆ, ಇಲ್ಲ ಯಾರಾದರೂ ಮೆತ್ತಗಿನ ಮಗು ನಿಜವಾಗಿಯೇ ಪೆಟ್ಟು ತಿನ್ನುತ್ತದೆ.

ಉತ್ತರ 2 (ಕುಶಾಲನಗರ)
ಕೊಲೆಯಾದ ಯಹೂದಿಗಳು ಸುಮಾರು 60 ಲಕ್ಷ ಅಂದರೆ ಮಕ್ಕಳ ತಲೆಗೆ ಹೋಗಲ್ಲ. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆಯ ಜನ ಸುಮಾರು ಐದೂವರೆ ಲಕ್ಷ. ಅಂಥ ಹನ್ನೊಂದು ಕೊಡಗು. ಆದರೆ ಅಲ್ಲಿಗೇ ಬಿಟ್ಟರೆ ಅದು ಲೆಕ್ಕದ ಪಾಠ. ಯುದ್ಧಕ್ಕೆ ಮುಂಚಿನ ಫೋಟೋ ತೋರಿಸಿ: ಮದುವೆ ಮನೆ, ಶಾಲೆಯ ಗ್ರೂಪ್ ಫೋಟೋ. ಬದುಕಿದ್ದವರಾಗಿ ಮೊದಲು ಕಾಣಲಿ.

ಎರಡನೇ ಪೀರಿಯಡ್ ಆಫ್ರಿಕಾದ ರುವಾಂಡ ದೇಶಕ್ಕೆ ಕೊಡಿ. 1994ರಲ್ಲಿ ಸುಮಾರು ನೂರು ದಿನದಲ್ಲಿ ಅಲ್ಲಿನ ಟುಟ್ಸಿ ಜನಾಂಗದ ಲಕ್ಷಾಂತರ ಮಂದಿಯ ಕೊಲೆಯಾಯಿತು. ರೇಡಿಯೋದಲ್ಲಿ ಅವರನ್ನು ‘ಜಿರಳೆ’ ಅನ್ನುತ್ತಿದ್ದರು. ಗುರುತಿನ ಚೀಟಿಯಲ್ಲಿ ಜನಾಂಗ ಬರೆಯುವ ಪದ್ಧತಿ ಬೆಲ್ಜಿಯಂ ಆಳ್ವಿಕೆಯದು. ‘ಯುರೋಪಿನ ಹಳೇ ಕಥೆ’ ಅಂತ ಯಾರೂ ಅನ್ನಲ್ಲ.

ಉತ್ತರ 3 (ಸೋಮವಾರಪೇಟೆ)
ಟಿಪ್ಪು ಪ್ರಶ್ನೆಯ ಬಾಯಿ ಮುಚ್ಚಿಸಬೇಡಿ, ಆದರೆ ಅವತ್ತೇ ಉತ್ತರಿಸಲೂ ಬೇಡಿ. ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಮೂರನೇ ಪೀರಿಯಡ್‌ಗೆ ಎತ್ತಿಕೊಳ್ಳಿ. ಮೊದಲು 1948ರ ವಿಶ್ವಸಂಸ್ಥೆಯ ಒಪ್ಪಂದದ ಅರ್ಥ ಓದಿಸಿ: ರಾಷ್ಟ್ರೀಯ, ಜನಾಂಗೀಯ, ವರ್ಣ ಇಲ್ಲವೇ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶ ಮಾಡುವ ಉದ್ದೇಶ ಇರಬೇಕು. ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಿಜ. ಎಷ್ಟು ಮಂದಿ ಅನ್ನೋದು ಮೂಲದಿಂದ ಮೂಲಕ್ಕೆ ಬಹಳ ಬೇರೆ. ಎರಡು ಮೂಲ ಪಕ್ಕಪಕ್ಕ ಇಟ್ಟು, ಬರೆದವರು ಯಾರು, ಯಾವಾಗ, ಯಾರಿಗೋಸ್ಕರ ಅಂತ ಮಕ್ಕಳೇ ತುಂಬಲಿ. ಆ ಹೊತ್ತಿಗೆ ನಿಮ್ಮ ಕಣ್ಣು ಕ್ಲಾಸಿನ ಯಾವ ಮುಸ್ಲಿಂ ಮಗುವಿನ ಕಡೆಗೂ, ಯಾವ ಕೊಡವ ಮಗುವಿನ ಕಡೆಗೂ ಹೊರಳಬಾರದು.

ಸ್ಮರಣೆಗೆ ಜನವರಿ 27 ಇಟ್ಟುಕೊಳ್ಳಿ, 1945ರಲ್ಲಿ ಆಶ್‌ವಿಟ್ಜ್ ಶಿಬಿರ ಬಿಡುಗಡೆಯಾದ ದಿನ. ಭಾಷಣ ಬೇಡ. ಹಿಂದಿನ ದಿನವೇ ಪ್ರತಿ ಮಗುವಿಗೂ ಕೊಲೆಯಾದ ಒಬ್ಬೊಬ್ಬರ ಹೆಸರು, ಊರು, ವಯಸ್ಸು ಬರೆದುಕೊಡಿ, ಅಸೆಂಬ್ಲಿಯಲ್ಲಿ ನಿಧಾನವಾಗಿ ಓದಲಿ.