ಸೇವಾ ರಫ್ತಿನಲ್ಲಿ ನಮ್ಮ ಬಲ ಬರೀ ಕಡಿಮೆ ಸಂಬಳವೇ?

ಪ್ರಶ್ನೆ: ನಮಸ್ಕಾರ ಮೇಡಂ. ಎಂ.ಕಾಂ. ಪ್ರಾಜೆಕ್ಟಿಗೆ ಭಾರತದ ಸೇವಾ ರಫ್ತು ಆರಿಸಿಕೊಂಡಿದ್ದೇನೆ. 2024-25ರಲ್ಲಿ ಇದು ಸುಮಾರು 387 ಶತಕೋಟಿ ಡಾಲರ್. ನಮ್ಮಲ್ಲಿ ಸಂಬಳ ಕಡಿಮೆ, ಅದಕ್ಕೇ ಕೆಲಸ ಬರುತ್ತದೆ ಅಂತ ಬರೆದೆ. ಗೈಡ್ ಒಪ್ಪುತ್ತಿಲ್ಲ. ನಿಮಗೇನನ್ನಿಸುತ್ತದೆ?

ಉತ್ತರ: ನಾನೂ ಒಪ್ಪುವುದಿಲ್ಲಮ್ಮ. ಸಂಬಳವೊಂದೇ ಕಾರಣವಾಗಿದ್ದರೆ ನಮಗಿಂತ ಬಡ ದೇಶಗಳು ಮುಂದಿರಬೇಕಿತ್ತು, ಅಲ್ವಾ? ಇಂಗ್ಲಿಷ್ ಬಲ್ಲ ಇಂಜಿನಿಯರುಗಳು ನಮ್ಮಲ್ಲಿ ಮೊದಲೇ ಇದ್ದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಕೆಲಸ ಕಳಿಸತೊಡಗಿತು. 1991ರಲ್ಲಿ ಶುರುವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳಿಂದ ಆ ಸಂಪರ್ಕ ಸಣ್ಣ ಕಂಪನಿಗಳಿಗೂ ಸಿಕ್ಕಿತು. ಸಮುದ್ರವೇ ಇಲ್ಲದ ಬೆಂಗಳೂರು ರಫ್ತಿನ ಊರಾಗಿದ್ದು ಹೀಗೆ. ಈ ಸರಕಿಗೆ ಹಡಗಿನ ಬಂದರು ಬೇಡ, ಒಳ್ಳೆಯ ರಸ್ತೆಯೂ ಬೇಡ.

ನಿಮ್ಮ ಪ್ರಾಜೆಕ್ಟಿನ ನಿಜವಾದ ತೊಂದರೆ ಬೇರೆ. ಎಲ್ಲ ಸೇವೆಗಳನ್ನೂ ಒಂದೇ ಮೊತ್ತ ಮಾಡಿ ನೋಡುತ್ತಿದ್ದೀರಿ. ಬಿಡಿಸಿ ನೋಡಿ. ನಮ್ಮ ಸೇವಾ ರಫ್ತಿನಲ್ಲಿ ಸಾಫ್ಟ್‌ವೇರ್ ಪಾಲು ಎಷ್ಟು, ಜಗತ್ತಿನ ಸೇವಾ ರಫ್ತಿನಲ್ಲಿ ಅದರ ಪಾಲು ಎಷ್ಟು ಅಂತ ಲೆಕ್ಕ ಹಾಕಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 1ಕ್ಕಿಂತ ಜಾಸ್ತಿ ಬಂದರೆ ಆ ವಲಯದಲ್ಲಿ ನಾವು ಗಟ್ಟಿ. ಸಾಫ್ಟ್‌ವೇರಿಗೆ 1ನ್ನು ಎಷ್ಟೋ ದಾಟುತ್ತದೆ. ಪ್ರವಾಸೋದ್ಯಮಕ್ಕೂ ಸಾಗಣೆಗೂ 1ರ ಕೆಳಗೇ. ಹಂಪಿ, ತಾಜ್ ಮಹಲ್ ಇರುವ ದೇಶ ಪ್ರವಾಸಿಗರಿಂದ ಇಷ್ಟು ಕಡಿಮೆ ಗಳಿಸುವುದು ನನಗೆ ತುಂಬಾ ಬೇಸರದ ವಿಷಯ. ಇಂಜಿನಿಯರಿಂಗ್ ಓದದ ಮಕ್ಕಳಿಗೆ ಕೆಲಸ ಕೊಡಬಲ್ಲ ಸೇವೆ ಅದು. ಇನ್ನು ಸಾಗಣೆ: ನಮ್ಮ ಸರಕಿನ ಬಹುಪಾಲು ವಿದೇಶಿ ಹಡಗುಗಳಲ್ಲೇ ಹೋಗುತ್ತದೆ, ಬಾಡಿಗೆಯೂ ಅವರಿಗೇ.

ಪ್ರಶ್ನೆ: ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಅಲ್ಲಿ ಹೋಗಿ ಕೆಲಸ ಮಾಡುವ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿತಲ್ಲ, ಸಾಫ್ಟ್‌ವೇರಿಗೂ ಪೆಟ್ಟು ಬೀಳುವುದಿಲ್ಲವೇ?

ಉತ್ತರ: ಅಲ್ಲಿಗೆ ಹೋಗಬೇಕೆಂದಿದ್ದವರಿಗೆ ದೊಡ್ಡ ಪೆಟ್ಟೇ. ಆದರೆ ವಿಶ್ವ ವ್ಯಾಪಾರ ಸಂಸ್ಥೆ ಸೇವಾ ವ್ಯಾಪಾರವನ್ನು ನಾಲ್ಕು ಬಗೆಯಾಗಿ ನೋಡುತ್ತದೆ. ಕೆಲಸ ಮಾಡುವವರೇ ಗಡಿ ದಾಟಿ ಹೋಗುವುದು ಅದರಲ್ಲಿ ಒಂದು ಮಾತ್ರ. ಇಲ್ಲೇ ಕೂತು ಕೆಲಸ ಕಳಿಸುವುದು ಇನ್ನೊಂದು, ಮತ್ತು ನಮ್ಮ ಗಳಿಕೆಯಲ್ಲಿ ದೊಡ್ಡದು. ವಿದೇಶಿ ಕಂಪನಿಗಳು ಭಾರತದಲ್ಲಿ ತೆರೆದಿರುವ ಸ್ವಂತ ಕೇಂದ್ರಗಳೇ 1,700ಕ್ಕೂ ಹೆಚ್ಚಿವೆ. ವೀಸಾ ದುಬಾರಿಯಾದಷ್ಟೂ ಅವು ಬೆಳೆಯಬಹುದು. ನನ್ನ ಭಯ, ಸಾಫ್ಟ್‌ವೇರ್ ರಫ್ತಿನ ಅರ್ಧಕ್ಕಿಂತ ಜಾಸ್ತಿ ಅಮೆರಿಕವೊಂದಕ್ಕೇ ಹೋಗುತ್ತಿದೆ ಎನ್ನುವುದು. ಪ್ರಾಜೆಕ್ಟಿನಲ್ಲಿ ಇದಕ್ಕೊಂದು ಅಧ್ಯಾಯ ಇಡಿ. ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ನಡೆಸುವ ಸಾಫ್ಟ್‌ವೇರ್ ರಫ್ತು ಸಮೀಕ್ಷೆಯಲ್ಲಿ ಯಾವ ಪ್ರದೇಶಕ್ಕೆ ಎಷ್ಟು ಹೋಯಿತು ಅನ್ನುವ ಪಟ್ಟಿ ಸಿಗುತ್ತದೆ.